ಎಣ್ಣೆ ಕುಡಿದ ಬ್ರೇಕು

ರಾಯಚೂರಿನಲ್ಲಿ ನಿಂತುಕೊಂಡು ಗಾಳಿಯಲ್ಲಿ ನೀರಿದೆ ಎಂದು ಸಾಧಿಸುವುದು ಸುಲಭದ ಕೆಲಸವಲ್ಲ. ನಲ್ಲಿಯಲ್ಲೇ ಇಲ್ಲದ ನೀರು ಗಾಳಿಯಲ್ಲಿ ಎಲ್ಲಿಂದ ಬಂತು ಎಂದು ಅಪ್ಪ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಆಗ ಬಿ.ಎ. ಓದುತ್ತಿದ್ದೆ, ಕಾಲೇಜಿನ ಚರ್ಚಾಕೂಟದಲ್ಲಿ ಇದಕ್ಕಿಂತ ಬಡಕಲಾದ ಪಕ್ಷ ಹಿಡಿದು ಗೆದ್ದು ಬರುತ್ತಿದ್ದೆ, ಸೋಲುವುದು ನನಗೆ ಆಗಿಬರುತ್ತಿರಲಿಲ್ಲ.

“ಮುಚ್ಚಳ ಹಾಕಿದ ಡಬ್ಬಿ ಅದು. ಅದರಾಗ ನೀರು ಹ್ಯಾಂಗ ಹೋಗತದ?” ಎಂದ ಅಪ್ಪ.

“ಉಪ್ಪಿನ ಡಬ್ಬಿಗೂ ಮುಚ್ಚಳ ಅದ ಯಪ್ಪಾ. ಮಳಿಗಾಲದಾಗ ಉಪ್ಪು ಯಾಕ ಹಸಿ ಆಗತದ?”

ಯಾರೂ ಕೇಳದಿದ್ದರೂ ಅಡಿಗೆಮನೆಯಿಂದ ಅವ್ವ, “ಆಗತದ, ಹೌದು,” ಎಂದಳು.

“ಮನ್ಯಾಗಿನ ಸಾಕ್ಷಿ ತಂದ್ರ ನಾ ಏನ ಮಾತಾಡ್ಲಿ,” ಎಂದು ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಒಪ್ಪಿದ ಎಂದರ್ಥ.

ವಾದ ಕಾರಿನ ಬ್ರೇಕಿನದು. ಎಂಬತ್ತರ ದಶಕದ ನಡುವಿನ ಮಾತು ಇದು. ಅಪ್ಪ ರಾಯಚೂರಿನ ಗಂಜಿನಲ್ಲಿ, ಅಂದರೆ ಸಗಟು ಪೇಟೆಯಲ್ಲಿ, ಅಕ್ಕಿ ವ್ಯಾಪಾರ ಮಾಡುತ್ತಿದ್ದ. ಅವನ ತಮ್ಮ, ನಮ್ಮ ಕಾಕಾ, ಮಾನ್ವಿಯಲ್ಲಿ ಮನೆತನದ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಇಬ್ಬರ ನಡುವೆ ಓಡಾಡಲು ಒಂದು ಹಳೆಯ ಬಿಳಿ ಕಾರು ಇತ್ತು. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಅವಳಿಗೆ ಚೊಚ್ಚಲು, ಕುಬಸದ ಕಾರ್ಯ ಮುಗಿದು, ದಿನ ತುಂಬುತ್ತ ಬಂದು, ಹೆರಿಗೆಗೆ ತವರಿಗೆ ಕರೆತರುವ ದಿನ ನಿಗದಿಯಾಗಿತ್ತು. ಮರುದಿನವೇ ಅದು. ಅಪ್ಪ, ಅವ್ವ ಬೆಳಿಗ್ಗೆ ಹೊರಟು, ಮಧ್ಯಾಹ್ನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುವುದು ಎಂದು ಮಾತಾಗಿತ್ತು.

ಕೆಲವು ದಿನಗಳಿಂದ ಅಪ್ಪ, “ಬ್ರೇಕ ಯಾಕೋ ಒಂಥರಾ ಹಿಡೀತದ,” ಎನ್ನುತ್ತಿದ್ದ. ಗ್ಯಾರೇಜಿನವನು ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಇರುವ ಸಣ್ಣ ಡಬ್ಬಿ ನೋಡಿ, “ತುಂಬೇದಲ್ರಿ, ಫಿಕರ್ ಯಾಕ ಮಾಡ್ತೀರಿ,” ಎಂದು ಕಳಿಸಿದ್ದ. ನನಗೆ ಸಮಾಧಾನವಾಗಲಿಲ್ಲ. ಗಾಡಿಯ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ನಾನು ಓದಿದ್ದೆ. ಬ್ರೇಕ್ ಆಯಿಲ್ ಹೆಸರಿಗೆ ಎಣ್ಣೆ, ನಿಜಕ್ಕೂ ಎಣ್ಣೆಯಲ್ಲ. ಗಾಳಿಯ ಪಸೆ ಕುಡಿದು ಕೆಡುವ ಒಂದು ದ್ರವ. ಆಗಾಗ ಪೂರ್ತಿ ತೆಗೆದು ಹೊಸದು ತುಂಬಬೇಕು ಎಂದು ಅದರಲ್ಲಿತ್ತು. ನಮ್ಮ ಕಾರಿನದನ್ನು ತಂದಾಗಿನಿಂದ ಬದಲಿಸಿರಲಿಲ್ಲ. ಅದೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಬೇರೆ ಯಾವ ಎಣ್ಣೆಯನ್ನೂ ಇದರೊಳಗೆ ಹಾಕಕೂಡದು, ಹಾಕಿದರೆ ರಬ್ಬರು ಹಾಳಾಗುತ್ತದೆ. ತಮ್ಮ ಮಾಲು ಮಾರಾಟವಾಗಲೆಂದು ಎಲ್ಲ ಕಂಪನಿಯವರೂ ಹೀಗೆಯೇ ಬರೆಯುತ್ತಾರೆ ಎಂದು ನಾನು ಮುಂದಿನ ಪುಟ ತಿರುವಿದ್ದೆ.

ಒಂದು ಪ್ರಶ್ನೆ ಮಾತ್ರ ಎತ್ತಿದ್ದೆ. ಬ್ರೇಕು ಸವೆದಂತೆ ಡಬ್ಬಿಯ ಮಟ್ಟ ಇಳಿಯಬೇಕು. ನಮ್ಮದರಲ್ಲಿ ಗೆರೆಗಿಂತ ಮೇಲೆ ಏರಿತ್ತು. ಇಳಿಯಬೇಕಾದದ್ದು ಏರಿದ್ದು ಹೇಗೆ?

“ಖಾಲಿ ಇದ್ರೂ ನಿನಗ ಅನುಮಾನ, ತುಂಬಿದ್ರೂ ಅನುಮಾನ,” ಎಂದ ಅಪ್ಪ. “ನಿನ್ನ ಕಟ್ಟಿಕೊಳ್ಳಾವ ಪುಣ್ಯಾ ಮಾಡಿರಬೇಕು.”

ಅವ್ವ ನಕ್ಕಳು. ಪ್ರಶ್ನೆ ನಗೆಯಲ್ಲಿ ಮುಳುಗಿಹೋಯಿತು.

ಅಂಗಳದ ಶಹಾಬಾದಿ ಕಲ್ಲುಗಳ ಮೇಲೆ ಕಾರು ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟು, ಹಿಂದಿನದನ್ನು ಜಾಕಿನಿಂದ ಎತ್ತಿದೆವು. ಜಾಕಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಅದು ಜಾರಿದರೆ ಎಂದು ಹಿತ್ತಲಿನಿಂದ ದಪ್ಪ ಕಲ್ಲುಗಳನ್ನು ಹೊರಳಿಸಿಕೊಂಡು ಬಂದು ಕೆಳಗೆ ಇಟ್ಟೆ. ಅಪ್ಪ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಸರಿದ. ಹೊರಗೆ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ. ನಾನು ಡ್ರೈವರ್ ಸೀಟಿನಲ್ಲಿ ಕುಳಿತು ಬ್ರೇಕಿನ ಮೇಲೆ ಕಾಲಿಟ್ಟೆ.

ಕೆಲಸ ಇಷ್ಟೇ. ಪ್ರತಿ ಗಾಲಿಯ ಹಿಂದೆ ಒಂದು ಸಣ್ಣ ನಟ್ಟಿರುತ್ತದೆ. ಅದಕ್ಕೆ ರಬ್ಬರಿನ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಗಾಜಿನ ಬಾಟಲಿಯಲ್ಲಿ ಬಿಡಬೇಕು. ಮೇಲಿನವರು ಬ್ರೇಕು ಒತ್ತಿ ಹಿಡಿಯಬೇಕು. ಕೆಳಗಿನವರು ನಟ್ಟು ಸಡಿಲಿಸಬೇಕು. ಹಳೆಯದು ಚಿಮ್ಮಿ ಬಾಟಲಿಗೆ ಬೀಳುತ್ತದೆ. ನಟ್ಟು ಬಿಗಿದ ಮೇಲೆಯೇ ಕಾಲು ತೆಗೆಯಬೇಕು. ಅದಕ್ಕೆ ಮೊದಲೇ ತೆಗೆದರೆ ಗಾಳಿ ಒಳಗೆ ಹೊಕ್ಕು ಬ್ರೇಕು ಪೊಳ್ಳಾಗುತ್ತದೆ.

“ನಾ ಬಿಡು ಅನ್ನೋತನಕ ಬಿಡಬ್ಯಾಡ. ನಿನ್ನ ತರ್ಕಾ ನಡಸಬ್ಯಾಡ ಅಲ್ಲಿ,” ಎಂದು ಕೆಳಗಿನಿಂದ ದನಿ ಬಂತು.

“ತುಳಿ.”

ತುಳಿದೆ.

“ಹಿಡಿ.”

ಕಾಲಿನ ಕೆಳಗೆ ಪೆಡಲು ನಿಧಾನವಾಗಿ ಕುಸಿಯುತ್ತ ಹೋಯಿತು, ನೆಲವೇ ಇಲ್ಲವೇನೋ ಎಂಬಂತೆ. ನಾನು ಒತ್ತುತ್ತಿರುವುದು ಒಂದು ಸಣ್ಣ ಕೊಳವೆಯೊಳಗಿನ ದ್ರವವನ್ನು. ನಾಳೆ ಅಕ್ಕ, ಅವಳ ಹೊಟ್ಟೆಯಲ್ಲಿರುವುದು, ಎಲ್ಲ ಇದರ ಮೇಲೆ ನಿಲ್ಲಬೇಕು. ಇಲ್ಲಿಯತನಕ ಬ್ರೇಕು ಎಂದರೆ ಕಬ್ಬಿಣ ಎಂದುಕೊಂಡಿದ್ದೆ.

“ಬಿಡು.”

ಹೀಗೆ ನಾಲ್ಕೂ ಗಾಲಿಗಳಿಗೆ. ತೊಡೆ ನಡುಗತೊಡಗಿತು. ಬಾಟಲಿಯಲ್ಲಿ ಬಿದ್ದದ್ದು ಕಲಸಿದ ಮಜ್ಜಿಗೆಯ ಹಾಗೆ ಮಬ್ಬಾಗಿತ್ತು. ಅಪ್ಪ, “ನೀ ಹೇಳಿದ್ದು ಖರೆ ಅದ ನೋಡು, ನೀರು ಸೇರೇದ,” ಎಂದ. ನನ್ನ ಪಕ್ಷ ಗೆದ್ದಿತು ಎಂದು ಹಿಗ್ಗಿ ನಾನೂ ಅದನ್ನು ಎರಡನೆಯ ಸಲ ನೋಡಲಿಲ್ಲ.

ಕೊನೆಗೆ ಹೊಸ ಆಯಿಲ್ ತುಂಬಿ ಡಬ್ಬಿಯ ಮುಚ್ಚಳ ಹಾಕುವಾಗ ಒಂದು ತೊಡಕು ಬಂತು. ಮುಚ್ಚಳದ ಒಳಗಿನ ರಬ್ಬರಿನ ಬಳೆ ತನ್ನ ಜಾಗದಲ್ಲಿ ಕೂರಲೊಲ್ಲದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿ ಹೊರಗೆ ಬರುತ್ತದೆ. ಅಪ್ಪ ಅದನ್ನು ಗೋಡೆಯ ಮೇಲಿಟ್ಟು, ಹಳೆಯ ಸೈಕಲ್ ಟ್ಯೂಬಿನಿಂದ ಹೊಸ ಬಳೆ ಕತ್ತರಿಸಿ ಹಾಕಿದ. ಆಮೇಲೆ ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಪೆಡಲು ಒತ್ತಿ ನೋಡಿ, “ಕಲ್ಲಾಗೇದ,” ಎಂದ, ಮುಖ ಅಗಲ ಮಾಡಿಕೊಂಡು. ಬ್ರೇಕು ಗಟ್ಟಿಯಾಗಿದ್ದರೆ ಒಳ್ಳೆಯದಾಗಿದೆ ಎಂದು ನಾವಿಬ್ಬರೂ ತಿಳಿದೆವು. ಒಂದೇ ಸಾಕ್ಷಿ ಎರಡು ಪಕ್ಷಕ್ಕೂ ದುಡಿಯುತ್ತದೆ ಎಂಬುದು ಚರ್ಚಾಕೂಟದಲ್ಲಿ ಕಲಿಸುವ ಮೊದಲ ಪಾಠ.

ಬೆಳಿಗ್ಗೆ ಅಪ್ಪ, ಅವ್ವ ಹೋದರು. ಅವ್ವನ ಮಡಿಲಲ್ಲಿ ಉಡಿ ತುಂಬುವ ಸಾಮಾನಿನ ಗಂಟು. ಓಣಿಯ ತುದಿಯಲ್ಲಿ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿಕೊಂಡದ್ದು, ಕಾರು ಎಡಕ್ಕೆ ತಿರುಗಿದ್ದು ನೋಡಿ ಒಳಗೆ ಬಂದೆ.

ಅವರು ಹೋಗಿ ತುಸು ಹೊತ್ತಿಗೆ ಕಾಕಾ ಬಂದ. ಗಿರಣಿಯ ಅಕ್ಕಿ ಗಂಜ್ ಪೇಟೆಗೆ ಬಂದಿತ್ತು, ಅದರ ಹಿಂದೆ ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದಿದ್ದ. ಅವನಿಗೆ ಚಹಾ ಕೊಟ್ಟು, ನಿನ್ನೆಯ ಸಾಮಾನು ಎತ್ತಿಡಲು ಅಂಗಳಕ್ಕೆ ಹೋದೆ. ಗೋಡೆಯ ಮೇಲೆ ಬಾಟಲಿ ಇತ್ತು. ಅದರ ಹಿಂದಿನಿಂದ ಬಿಸಿಲು ಬೀಳುತ್ತಿತ್ತು.

ಬಾಟಲಿಯಲ್ಲಿ ಎರಡು ಬಣ್ಣಗಳಿದ್ದವು. ಕೆಳಗೆ ಕಂದು, ಮೇಲೆ ಜೇನಿನಂಥ ಹಳದಿ. ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ನೀರು ಸೇರಿದ್ದರೆ ಹೀಗೆ ಮೇಲೆ ನಿಲ್ಲುವುದಿಲ್ಲ. ಮೇಲೆ ತೇಲುವುದು ಎಣ್ಣೆ. ಬೆರಳು ಅದ್ದಿ ಮೂಸಿದೆ. ನಮ್ಮ ಗಿರಣಿಯ ವಾಸನೆ.

ಪಕ್ಕದಲ್ಲಿ ಆ ರಬ್ಬರಿನ ಬಳೆ ಬಿದ್ದಿತ್ತು. ಎತ್ತಿದೆ. ಮೆತ್ತಗೆ, ನೆನೆದ ಹಾಗೆ, ಬೆರಳ ನಡುವೆ ಹಿಸುಕಿದರೆ ಹಿಸುಕಿಸಿಕೊಳ್ಳುತ್ತಿತ್ತು. ದಪ್ಪ ಅಕ್ಷರದ ಆ ಸಾಲು ಈಗ ನೆನಪಾಯಿತು.

“ಕಾಕಾ,” ಎಂದು ಕರೆದೆ. ನನ್ನ ದನಿ ನನಗೇ ಬೇರೆ ಅನಿಸಿತು. “ಕಾರಿನ್ಯಾಗ ಗಿರಣಿ ಎಣ್ಣಿ ಯಾರರೆ ಹಾಕ್ಯಾರೇನು?”

ಅವನು ಚಹಾದ ಬಟ್ಟಲು ಹಿಡಿದುಕೊಂಡೇ ಬಂದ. “ನಾನ ಹಾಕೀನಿ. ಮೊನ್ನಿ ಮಾನವಮಿ ದಿನ. ಯಾಕ?”

ನಮ್ಮ ಗಿರಣಿಯಲ್ಲಿ ಒಂದು ಪದ್ಧತಿಯಿದೆ. ಮಹಾನವಮಿಯಂದು ಪಟ್ಟಾ ಬಿಚ್ಚಿ, ಯಂತ್ರಗಳನ್ನು ತೊಳೆದು, ವಿಭೂತಿ ಎಳೆದು, ಹೂವು ಏರಿಸಿದ ಮೇಲೆ ಮನೆಯ ಗಂಡಸು ಉದ್ದ ಮೂತಿಯ ಎಣ್ಣೆ ಕುಪ್ಪಿ ಹಿಡಿದು ಸುತ್ತು ಬರುತ್ತಾನೆ. ಯಂತ್ರಕ್ಕೆ ಎಲ್ಲೆಲ್ಲಿ ಬಾಯಿಯಿದೆಯೋ ಅಲ್ಲೆಲ್ಲ ಎಣ್ಣೆ ಕುಡಿಸುತ್ತಾನೆ. ಅದು ಕುಡಿಯುವ ತನಕ ಯಾರೂ ಹೋಳಿಗೆ ಮುಟ್ಟುವಂತಿಲ್ಲ. ವರ್ಷವೆಲ್ಲ ನಮಗೆ ಉಣ್ಣಿಸಿದ್ದು ಮೊದಲು ಉಣ್ಣಲಿ ಎಂದು. ಆ ವರ್ಷ ಕಾರನ್ನೂ ಪೂಜೆಗೆಂದು ಮಾನ್ವಿಗೆ ಒಯ್ದಿದ್ದರು. ನಾನು ಪೂಜೆಗೆ ಹೋಗಿರಲಿಲ್ಲ. ಕಬ್ಬಿಣಕ್ಕೆ ಹಸಿವೆ ಇದೆ ಎಂಬುದನ್ನು ಯಾರಾದರೂ ಸಾಧಿಸಿದರೆ ಬರುತ್ತೇನೆ ಎಂದಿದ್ದೆ.

“ಎಲ್ಲಿ ಹಾಕಿದಿ?”

“ಎಂಜಿನ್‌ಗ ಹಾಕಿದೆ. ಬಾಜೂಕ ಇನ್ನೊಂದು ಸಣ್ಣ ಬಾಯಿ ಇತ್ತು. ತಗದು ನೋಡಿದೆ, ಜರಾ ಕಡಿಮಿ ಇತ್ತು. ಹಬ್ಬದ ದಿನ ಅದೊಂದ ಯಾಕ ಉಪಾಸ ಇರಬೇಕು ಅಂತ ತುಂಬಿಸಿದೆ.” ನನ್ನ ಮುಖ ನೋಡಿ ಬಟ್ಟಲು ಕೆಳಗಿಟ್ಟ. “ಏನಾತ ಬೇ?”

ಬಳೆಯನ್ನು ಅವನ ಕೈಯಲ್ಲಿಟ್ಟೆ. ಇದು ಮುಚ್ಚಳದ ರಬ್ಬರು, ಎಣ್ಣೆಗೆ ಹೀಗಾಗಿದೆ. ಗಾಲಿಗಳ ಒಳಗೆ ಇಂಥವೇ ರಬ್ಬರಿನ ಬಟ್ಟಲುಗಳಿವೆ, ಅವೂ ಅದೇ ಎಣ್ಣೆಯಲ್ಲಿ ಅಷ್ಟೇ ದಿನ ನೆನೆದಿವೆ. ನಿನ್ನೆ ನಾವು ಬದಲಿಸಿದ್ದು ಎಣ್ಣೆಯನ್ನು, ರಬ್ಬರನ್ನಲ್ಲ.

“ಅಂದ್ರ ಏನಾಗತದ?”

“ಒತ್ತಿದ ಬ್ರೇಕ ಬಿಟ್ಟುಕೊಳ್ಳಂಗಿಲ್ಲ, ಗಾಲಿ ಹಿಡಕೊಂಡ ಬಿಡತದ. ಇಲ್ಲಂದ್ರ ರಬ್ಬರ ಕಿತ್ತು ಪೂರಾ ಹೋಗತದ, ಹಿಡಿಯಂಗ ಇಲ್ಲ.”

“ಎರಡ್ರಾಗ ಯಾವುದು?”

“ಗೊತ್ತಿಲ್ಲ.”

ಅಷ್ಟು ವರ್ಷಗಳ ಮಾತಿನಲ್ಲಿ ನಾನು ಆಡದೆ ಇದ್ದ ಶಬ್ದ ಅದು. ಕಾಕಾ ಗೋಡೆಗೆ ಕೈ ಊರಿದ. “ನಾ ಕೆಟ್ಟದ್ದು ಮಾಡ್ಲಿಲ್ಲವ್ವಾ,” ಎಂದ, ಸಣ್ಣ ದನಿಯಲ್ಲಿ. “ಎಲ್ಲಾದಕ್ಕೂ ಕುಡಿಸಿದಂಗ ಕುಡಿಸಿದೆ.”

ಅಕ್ಕನ ಮನೆಯ ಪಕ್ಕದ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಫೋನು ಇತ್ತು. ಟ್ರಂಕ್ ಕಾಲ್ ಹಚ್ಚಲು ಕಾಕಾ ಪೋಸ್ಟಾಫೀಸಿಗೆ ಓಡಿದ. ಆ ಫೋನು ಸಿಗುತ್ತದೆಂದು ನಂಬುವವಳು ನಾನಲ್ಲ. ಬಾಟಲಿಯ ಬಾಯಿ ಬಿಗಿದು, ಟವೆಲ್ಲಿನಲ್ಲಿ ಸುತ್ತಿ, ಬಳೆಯನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ.

ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು. ಕಿಟಕಿಯ ಪಕ್ಕ ಕುಳಿತವರು ನೋಡಬೇಕಾಗುತ್ತದೆ. ಹಳ್ಳದ ಮೇಲಿನ ಪ್ರತಿ ಮೋರಿ ಬಂದಾಗ ಕೆಳಗೆ ಇಣುಕುತ್ತಿದ್ದೆ. ಎರೆ ಹೊಲದ ನಡುವೆ ದೂರದಲ್ಲಿ ಬಿಳಿಯದೇನಾದರೂ ಕಂಡರೆ ಕತ್ತು ಚಾಚಿ ನೋಡುತ್ತಿದ್ದೆ. ಹತ್ತಿರ ಹೋದರೆ ಅದು ಸುಣ್ಣ ಬಳಿದ ಗುಡಿ, ಇಲ್ಲವೆ ಒಣಗಲು ಹಾಕಿದ ಧೋತರ. ನಾನು ನನ್ನೊಳಗೇ ವಾದ ಹೂಡಿದೆ. ನಿನ್ನೆ ಓಣಿಯಲ್ಲಿ ಬ್ರೇಕು ಹಿಡಿಯಿತಲ್ಲ? ಹಿಡಿಯಿತು. ಹಾಗಾದರೆ ಇಂದೂ ಹಿಡಿಯುತ್ತದೆ. ಏಕೆ? ನಿನ್ನೆ ಹಿಡಿದದ್ದರಿಂದ. ಇದನ್ನೇ ಎದುರು ಪಕ್ಷದವರು ಆಡಿದ್ದರೆ ನಾನು ಅವರನ್ನು ವೇದಿಕೆಯಿಂದ ಇಳಿಸುತ್ತಿದ್ದೆ. ವಾದ ಮಾಡಬಲ್ಲ ತಲೆಗೆ ಭಯ ಹತ್ತಿದರೆ ಬಹಳ ಕೆಟ್ಟದ್ದು. ಯಾವ ಸಮಾಧಾನವನ್ನೂ ಅದು ನಿಲ್ಲಗೊಡುವುದಿಲ್ಲ.

ಗಬ್ಬೂರು ಹತ್ತಿರ ಬಸ್ಸು ಗಕ್ಕನೆ ನಿಂತಿತು. ಮುಂದೆ ಜನ ಏಳತೊಡಗಿದರು. “ಏನೋ ಆಗೇದ ಅಲ್ಲಿ,” ಎಂದ ಯಾರೋ. ನನ್ನ ಕೈಯಲ್ಲಿದ್ದ ಬಾಟಲಿ ಸೀಟಿನ ಕಬ್ಬಿಣಕ್ಕೆ ಟಣ್ ಎಂದು ಬಡಿಯಿತು.

ಕುರಿ. ರಸ್ತೆಯ ತುಂಬ ಕುರಿ. ಕಂಬಳಿ ಹೊದ್ದ ಕುರುಬನೊಬ್ಬ ಅವಸರವಿಲ್ಲದೆ ಅವುಗಳನ್ನು ದಾಟಿಸುತ್ತಿದ್ದ. ಅವನು ನನ್ನ ಕಿಟಕಿಯ ಕೆಳಗೆ ಬಂದಾಗ ತಲೆ ಹೊರಗೆ ಹಾಕಿ ಕೇಳಿದೆ.

“ಯಣ್ಣಾ, ಬಿಳಿ ಕಾರು ಈ ಕಡೆ ಹೋತೇನು? ಗಂಡ ಹೆಂಡ್ತಿ ಇದ್ರು.”

“ಹೋತು.”

“ಛಲೋ ಇತ್ತಾ?”

ಅವನು ನನ್ನನ್ನು ನೋಡಿದ, ಇದೆಂಥ ಪ್ರಶ್ನೆ ಎಂಬಂತೆ. “ಕಾರ ಏನ ಛಲೋ ಇತ್ತವ್ವಾ. ನಮ್ಮ ಕುರಿಕಿಂತ ಹಗೂರ ಹೊಂಟಿತ್ತು. ನಿಲ್ಲೂದು, ಹೋಗೂದು, ನಿಲ್ಲೂದು. ಯಜಮಾನ ಇಳದು ಗಾಲಿ ಮೂಸತಿದ್ದ. ಕುರಿ ಮೂಸತಾವ, ಮನಷ್ಯಾ ಮೂಸೂದು ಇವತ್ತ ನೋಡಿದೆ.”

ಬಸ್ಸಿನವರು ನಕ್ಕರು. ನನಗೆ ಎರಡು ವಿಷಯ ತಿಳಿದವು. ಅವರು ಬದುಕಿದ್ದಾರೆ, ಬ್ರೇಕು ಹಿಡಿದುಕೊಂಡಿದೆ. ಮೂರನೆಯದೊಂದಿತ್ತು, ಅದು ಬಸ್ಸು ಹೊರಟ ಮೇಲೆ ಹೊಳೆಯಿತು: ಅಪ್ಪನಿಗೆ ಗೊತ್ತಾಗಿದೆ. ಗೊತ್ತಾಗಿಯೂ ಮುಂದೆ ಹೋಗಿದ್ದಾನೆ.

ದೇವದುರ್ಗದಲ್ಲಿ ಅಕ್ಕನ ಮನೆಯ ಓಣಿ ತಿರುಗಿದಾಗ ಕಾರು ಕಟ್ಟೆಯ ಮುಂದೆ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಉಡಿಯ ಭಾರಕ್ಕೂ ಹೊಟ್ಟೆಯ ಭಾರಕ್ಕೂ ಒರಗಿಕೊಂಡು ಅಕ್ಕ ಒಳಗೆ ಕುಳಿತಾಗಿತ್ತು. ಪಕ್ಕದಲ್ಲಿ ಅವ್ವ. ಬಾಗಿಲಲ್ಲಿ ಅಕ್ಕನ ಅತ್ತೆ, ದಾರಿಯಲ್ಲಿ ಕುಡಿಯಲೆಂದು ತಂದ ತಂಬಿಗೆ ನೀರು ಹಿಡಿದು ನಿಂತಿದ್ದಳು. ಫೋನು ಬಂದಿರಲಿಲ್ಲ ಎಂಬುದು ಅವರ ಮುಖಗಳಲ್ಲೇ ಕಾಣುತ್ತಿತ್ತು.

ಅಪ್ಪ ಮುಂದಿನ ಗಾಲಿಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿದ, ಕೈಯಲ್ಲಿದ್ದ ಟವೆಲ್ಲಿನ ಗಂಟು ನೋಡಿದ. ಮಾತಾಡುವ ಮೊದಲೇ, “ಸುಮ್ನಿರು,” ಎಂದ.

“ಕಾಕಾ ಗಿರಣಿ ಎಣ್ಣಿ ಹಾಕ್ಯಾನ ಯಪ್ಪಾ.”

“ಏನೋ ಆಗೇದ ಅಂತ ಗೊತ್ತದ. ಕಲ್ಮಲಾ ದಾಟಿದ ಮ್ಯಾಲ ಕಾಲು ತಗದ್ರೂ ಗಾಡಿ ಓಡವಲ್ದು. ಹಿಂದಿಂದ ಯಾರೋ ಹಿಡದು ಜಗ್ಗಿದಂಗ. ಆರಿಸಿಗೋತ ಆರಿಸಿಗೋತ ತಂದೀನಿ. ನಿಮ್ಮವ್ವಗ ಎಂಜಿನ್ ಕಾದದ ಅಂತ ಹೇಳೀನಿ.”

“ಮತ್ತ ಅಕ್ಕನ್ನ ಯಾಕ ಕುಂಡ್ರಿಸಿದಿ?”

ಅವನು ಮನೆಯ ಕಡೆ ಕಣ್ಣು ಹಾಯಿಸಿದ. “ಬೀಗರ ಮುಂದ ಏನಂತ ಹೇಳ್ಲಿ? ಮಗಳನ್ನ ಕರಿಯಾಕ ಕೆಟ್ಟ ಗಾಡಿ ತಂದೀನಿ ಅಂತ? ಹಗೂರ ಹೊಡಕೊಂಡು ಹೋಗತೀನಿ.”

ಹೇಳುತ್ತ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಒರೆಸಿಕೊಂಡ ಮೇಲೂ ಮತ್ತೆ ಒರೆಸಿಕೊಂಡ. ಅಪ್ಪ ಹೆದರಿದ್ದ. ಅದನ್ನು ನೋಡುವ ತನಕ ನನ್ನ ಭಯಕ್ಕೆ ಒಂದು ಅಂಚು ಇತ್ತು. ಏನೇ ಆದರೂ ಅಪ್ಪ ಇದ್ದಾನೆ ಎಂಬ ಅಂಚು. ಈಗ ಅದೂ ಹೋಯಿತು.

“ಅಕ್ಕಾ, ಇಳಿ,” ಎಂದೆ.

ಅತ್ತೆ ಮುಂದೆ ಬಂದಳು. ಕಡಕು ಹೆಣ್ಣುಮಗಳಲ್ಲ, ಆದರೆ ಹಿಡಿದ ಮಾತು ಬಿಡುವವಳೂ ಅಲ್ಲ. “ಏನ ಹಂಗಂದ್ರ? ಉಡಿ ತುಂಬಿ ಹೊಸ್ತಿಲ ದಾಟಿದ ಬಸರಿ ಹೆಣ್ಣುಮಗಳನ್ನ ಹಿಂದಕ ಕರಿಯಾಕ ಬರತದೇನು? ನೀ ಓದಿದಾಕಿ, ನಿನಗ ನಂಬಿಕಿ ಇಲ್ಲ. ನಮಗ ಅದ.”

“ಬ್ರೇಕ ಕೆಟ್ಟದ ಅತ್ತೇರ.”

“ಬರುವಾಗ ಛಲೋ ಇತ್ತಲ್ಲ. ಹೋಗುವಾಗ ಹ್ಯಾಂಗ ಕೆಟ್ಟಿತು?”

ಅವಳ ತರ್ಕ ಬಸ್ಸಿನಲ್ಲಿ ನಾನು ನನಗೇ ಹೇಳಿಕೊಂಡದ್ದೇ. ಟವೆಲ್ಲು ಬಿಚ್ಚಿ ಬಾಟಲಿ, ರಬ್ಬರಿನ ಬಳೆ ತೋರಿಸಿದೆ. ಬಸ್ಸಿನ ಕುಲುಕಾಟಕ್ಕೆ ಎರಡೂ ಬಣ್ಣ ಕಲೆತು ಮತ್ತೆ ಮಜ್ಜಿಗೆಯಾಗಿತ್ತು. ಅತ್ತೆ ಬಾಟಲಿ ನೋಡಿದಳು, ಆ ರಬ್ಬರಿನ ಚೂರು ನೋಡಿದಳು, ನನ್ನನ್ನು ನೋಡಿದಳು. ಸಾಕ್ಷಿ ಕೈಕೊಟ್ಟ ವಾದಿಯ ಮುಖ ಹೇಗಿರುತ್ತದೆ ಎಂದು ಆ ಓಣಿ ನೋಡಿತು.

ಆಗ ನಾನು ಅವಳ ಕೈಯಿಂದ ತಂಬಿಗೆ ಇಸಿದುಕೊಂಡು ಮುಂದಿನ ಗಾಲಿಯ ನಡುವಿಗೆ ನೀರು ಸುರಿದೆ.

ಕಾದ ಹಂಚಿನ ಮೇಲೆ ಬಿದ್ದಂತೆ ಚುರ್ರ್ ಎಂದಿತು. ಆವಿ ಎದ್ದು ಅಪ್ಪನ ಧೋತರದ ಮುಂದೆ ನಿಂತಿತು. ಸುಟ್ಟ ವಾಸನೆ ಕಟ್ಟೆಯ ತನಕ ಹೋಯಿತು. ಕಾರು ಬಂದು ನಿಂತು, ಅವಸರದಲ್ಲಿ ಉಡಿ ತುಂಬುವಷ್ಟು ಹೊತ್ತಾದ ಮೇಲೂ.

ಅಕ್ಕ ಕಾರಿನೊಳಗಿಂದ, “ಏನದು?” ಎಂದಳು.

ಅತ್ತೆಯ ಮುಖದ ಬಣ್ಣ ಇಳಿದಿತ್ತು. ಆದರೂ, “ಹಿಂದಕ ಕರದ್ರ ಹ್ಯಾಂಗ…” ಎಂದು ಮೆಲ್ಲಗೆ ಅಂದಳು. ಅವಳೂ ಹೆದರಿದ್ದಳು, ನಾನು ಹೆದರಿದ್ದಕ್ಕಲ್ಲ ಅಷ್ಟೇ. ಅಲ್ಲಿ ನಿಂತು ಶಕುನವೆಲ್ಲ ಸುಳ್ಳು ಎಂದು ಸಾಧಿಸಲು ನನಗೆ ಸಾಲುಸಾಲು ಮಾತುಗಳು ಬರುತ್ತಿದ್ದವು. ಒಂದೂ ಆಡಲಿಲ್ಲ.

“ಹಿಂದಕ ಯಾರ ಕರದ್ರು ಅತ್ತೇರ,” ಎಂದೆ. “ಮುಂದಕ ಹೋಗತಾಳ. ಬಸ್‌ಸ್ಟ್ಯಾಂಡ್ ಮುಂದಿನ ದಿಕ್ಕಿಗೇ ಅದ. ಹೊಸ್ತಿಲ ಕಡೆ ಮಾರಿ ಸೈತ ತಿರುವಂಗಿಲ್ಲ.”

ಅತ್ತೆ ಬಸ್‌ಸ್ಟ್ಯಾಂಡ್ ಯಾವ ದಿಕ್ಕಿಗಿದೆ ಎಂದು ಕತ್ತೆತ್ತಿ ನೋಡಿ ಖಾತ್ರಿ ಮಾಡಿಕೊಂಡಳು.

“ಮುಂದಕ ಆದ್ರ ಆತು,” ಎಂದಳು. “ಮುಂದಿನ ಸೀಟು ಹಿಡೀರಿ. ಕುಲಕಾಟ ಕಡಿಮಿ.” ಅಕ್ಕನ ಕೈ ಹಿಡಿದು ಇಳಿಸಿದವಳು ಅವಳೇ.

ಅಪ್ಪ ಕಾರಿನ ಹತ್ತಿರವೇ ಉಳಿದ. ಆಮೇಲೆ ಗಾಲಿ ಬಿಚ್ಚಿದಾಗ ಒಳಗಿನ ರಬ್ಬರುಗಳು ನೆನೆಸಿದ ಅವರೆಕಾಳಿನಂತೆ ಊದಿಕೊಂಡಿದ್ದವಂತೆ. ಒಂದಂತೂ ಹೊರಗೆ ತೆಗೆಯುವಾಗಲೇ ಹರಿದು ಬಂತಂತೆ. ಮುಂದಿನ ಮಾನವಮಿಗೆ ಕಾಕಾ ತಾನೇ ಆ ಡಬ್ಬಿಗೆ ಕೆಂಪು ಬಟ್ಟೆ ಕಟ್ಟಿ, ವಿಭೂತಿ ಹಚ್ಚಿ, “ಇದರದು ವರ್ಷಾನಗಟ್ಟಲೆ ಉಪಾಸ, ಯಾರೂ ಮುಟ್ಟಬ್ಯಾಡ್ರಿ,” ಎಂದ. ನಾನು ಎದುರಾಡಲಿಲ್ಲ. ಪುಸ್ತಕದ ದಪ್ಪ ಅಕ್ಷರಕ್ಕಿಂತ ಅದನ್ನು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದರು.

ಆದರೆ ಅವತ್ತು ಭಯ ಮುಗಿದಿರಲಿಲ್ಲ. ರಾಯಚೂರಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅಕ್ಕ ನಡುವೆ, ಅವ್ವ ಕಿಟಕಿಗೆ, ನಾನು ಈಚೆ. ಬಸ್ಸು ಹೊರಡುವಾಗ ಕಣ್ಣೆತ್ತಿ ನೋಡಿದೆ. ಡ್ರೈವರನ ಮುಂದಿನ ಗಾಜಿನ ಮೇಲೆ ಒಣಗಿದ ಚೆಂಡುಹೂವಿನ ಮಾಲೆ ತೂಗುತ್ತಿತ್ತು. ಬಾನೆಟ್ಟಿನ ಮೇಲೆ ಅರ್ಧ ಅಳಿಸಿದ ಕುಂಕುಮ. ಇವರೂ ಮಾನವಮಿ ಮಾಡಿದ್ದಾರೆ.

ಅಕ್ಕನನ್ನು ಒಂದರಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿದವಳು ನಾನು.

“ಯಣ್ಣಾ,” ಎಂದೆ ಡ್ರೈವರನಿಗೆ. “ಮಾನವಮಿ ಪೂಜಾದಾಗ ಗಾಡಿಗೆ ಎಣ್ಣಿ ಏನರೆ ಕುಡಿಸಿದ್ರೇನ್ರಿ?”

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. “ಗಾಡಿಗೆ ಎಣ್ಣಿ ಯಾಕ್ರಿ ಕುಡಸತಾರ? ಹಾರ ಹಾಕಿದ್ವಿ, ಕಾಯಿ ಒಡದ್ವಿ, ನಿಂಬಿಹಣ್ಣು ತುಳಿಸಿ ತಂದ್ವಿ.”

“ನಿಂಬಿಹಣ್ಣು ಅಷ್ಟ?”

“ನಾಕ ಗಾಲಿಗೂ. ಯಾಕ, ಸಾಲದೇನ್ರಿ?”

“ಸಾಕ್ರಿ,” ಎಂದೆ. “ಭಾಳ ಛಲೋ ಆತು.”

ಗಾಲಿಗೆ ನಿಂಬೆಹಣ್ಣು ಇಡುವುದನ್ನು ಖಂಡಿಸಿ ನಾನು ಒಮ್ಮೆ ಕಾಲೇಜಿನಲ್ಲಿ ಬಹುಮಾನ ಗೆದ್ದಿದ್ದೆ. ಆ ಭಾಷಣದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು: ನಿಂಬೆಹಣ್ಣು ಟಾಯರಿನ ಹೊರಗೇ ಜಜ್ಜಿ ಹೋಗುತ್ತದೆ, ಯಾವ ಕೊಳವೆಯ ಒಳಗೂ ಹೊಗುವುದಿಲ್ಲ.

ಬಸ್ಸು ಇಳಿಜಾರಿಗೆ ಬಂತು. ಡ್ರೈವರ್ ಬ್ರೇಕು ಒತ್ತಿದ, ಬಸ್ಸು ನಿಧಾನವಾಯಿತು. ಹಿಡಿಯಿತು ಎಂದುಕೊಂಡೆ. ಮುಂದೆ ಒಂದು ಎತ್ತಿನ ಬಂಡಿ, ಮತ್ತೆ ಒತ್ತಿದ, ಮತ್ತೆ ಹಿಡಿಯಿತು. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಯಾಕ ಹಂಗ ನೆಲಾ ಒತ್ತಿ ಹಿಡದಿ? ಕಾಲು ನಡಗಾಕತ್ತಾವ ನೋಡು.”

ಕೆಳಗೆ ನೋಡಿದೆ. ದೇವದುರ್ಗ ಬಿಟ್ಟಾಗಿನಿಂದ ನನ್ನ ಬಲಗಾಲು ಬಸ್ಸಿನ ತಗಡನ್ನು ಬಲವಾಗಿ ತುಳಿದುಕೊಂಡೇ ಇತ್ತು. ತೆಗೆಯಬೇಕೆಂದುಕೊಂಡೆ. ಮುಂದೆ ಇನ್ನೊಂದು ಮೋರಿ ಕಾಣುತ್ತಿತ್ತು. ಅದು ದಾಟಲಿ ಎಂದು ಹಾಗೆಯೇ ಹಿಡಿದೆ.